ಆಚಾರ್ರ ಕೆಳತುಟಿ

ಹಿರೇನಲ್ಲೂರು ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ನನ್ನನ್ನು ಹೊಗಳಿದಷ್ಟು ನನ್ನ ಹೆತ್ತ ತಾಯಿ ಕೂಡ ಹೊಗಳಿರಲಿಲ್ಲ. ಕಡೂರಿನ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಸಿಕ್ಕವರ ಎದುರೆಲ್ಲ ಕೆಳತುಟಿಯನ್ನು ಉಗುರಿನಿಂದ ಜಿಗುಟಿ ತೋರಿಸಿ, "ನೋಡ್ರಪ್ಪಾ, ಹಲ್ಲು ಕೀಳ್ಸಿ ಮೂರು ತಿಂಗ್ಳಾಯ್ತು, ಇಂಜೆಕ್ಷನ್ನು ಇನ್ನೂ ಬಿಟ್ಟಿಲ್ಲ. ಹಂಗೈತೆ ಡಾಕ್ಟ್ರಮ್ಮನ ಕೈ!" ಎನ್ನುತ್ತಿದ್ದರಂತೆ.

ಈ ಮಾತು ನನ್ನ ಕಿವಿಗೆ ಬಿದ್ದ ದಿನ ಅನ್ನದ ತಟ್ಟೆಯನ್ನು ಹಾಗೇ ಸರಿಸಿ ಎದ್ದೆ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ ಮೂರು ನಾಲ್ಕು ಗಂಟೆ ಇರುತ್ತದೆ. ಮೂರು ತಿಂಗಳು ಮರಗಟ್ಟಿದೆ ಎಂದರೆ ಅದು ನರಕ್ಕೆ ನಾನು ಮಾಡಿದ ಗಾಯ. ಕೆಳದವಡೆಯ ಮೂಳೆಯೊಳಗೆ ಸಣ್ಣದೊಂದು ಕಾಲುವೆ ಇದೆ. ಅದರಲ್ಲಿ ಹಾಯುವ ನರ ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುತ್ತದೆ. ಕೆಲವರಿಗೆ ಬುದ್ಧಿಹಲ್ಲಿನ, ಅಂದರೆ ಕಟ್ಟಕಡೆಯ ದವಡೆಹಲ್ಲಿನ ಬೇರು ಆ ಕಾಲುವೆಯ ಮೇಲೇ ಕೂತಿರುತ್ತದೆ. ಇಷ್ಟೂ ಗೊತ್ತಿದ್ದವಳು ಆ ಸುತ್ತಮುತ್ತ ನಾನೊಬ್ಬಳೇ ಇದ್ದೆ. ಊರೆಲ್ಲ ಹೊಗಳುತ್ತಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಡೂರಿನಲ್ಲಿ ನನ್ನ ಕ್ಲಿನಿಕ್ಕು, ಅದರ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ವಾರಕ್ಕೊಂದು ದಿನ ತರೀಕೆರೆಯಲ್ಲಿ, ಒಂದು ದಿನ ಅಜ್ಜಂಪುರದಲ್ಲಿ ಕೂರುತ್ತಿದ್ದೆ. ಮದುವೆಯಾಗಿರಲಿಲ್ಲ. ಒಬ್ಬಳಿಗೆ ಅಡಿಗೆ ಮಾಡಿಕೊಳ್ಳುವುದು ಎಷ್ಟು ಬೇಸರದ ಕೆಲಸ ಎಂದು ಮಾಡಿದವರಿಗೇ ಗೊತ್ತು. ಬಾಗಿಲಿಗೆ ಬಂದವರು ಒಳಗೆ ಇಣುಕಿ, "ಕೀಳೋಕೆ ಗಂಡಸ್ರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. ಅದು ನನ್ನನ್ನು ಚುಚ್ಚುತ್ತಿತ್ತು. ಜೊತೆಗೆ ಆ ಕಡೆಯ ಜನಕ್ಕೆ ಒಂದು ರೂಢಿ ಇತ್ತು. ಕಿತ್ತ ಹಲ್ಲನ್ನು ಬೇರು ಸಮೇತ ಅಂಗೈ ಮೇಲಿಟ್ಟು ತೋರಿಸಬೇಕು. ಅವರು ಅದನ್ನು ತಿರುಗಿಸಿ ನೋಡಿ, ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಮನೆಯವರಿಗೂ ತೋರಿಸುತ್ತಿದ್ದರು. ಬೇರಿನ ತುದಿ ಮುರಿದಿದ್ದರೆ ಆ ಸುದ್ದಿ ನನಗಿಂತ ಮೊದಲು ಅಜ್ಜಂಪುರ ತಲುಪುತ್ತಿತ್ತು. ಹೀಗಾಗಿ ಬೇರು ಬಿಡದೆ ಕೀಳುವುದೇ ನನ್ನ ಜಂಬವಾಯಿತು.

ಯಜಮಾನರ ಹಲ್ಲನ್ನು ಕಿತ್ತದ್ದು ಇದೇ ಜಂಬದಲ್ಲಿ. ಎಕ್ಸ್‌ರೇ ಬೇಕೆಂದರೆ ಶಿವಮೊಗ್ಗಕ್ಕೆ ಹೋಗಬೇಕಿತ್ತು. ತೋಟದಲ್ಲಿ ಕಾಯಿ ಕೀಳುವ ಸಮಯ, ಆಗುವುದಿಲ್ಲ ಎಂದರು. ನಾನೂ ಒತ್ತಾಯಿಸಲಿಲ್ಲ. ಒಸಡು ಬಿಡಿಸಿ, ಉಳಿ ಸುತ್ತಿಗೆಯಿಂದ ಮೂಳೆ ಸರಿಸಿ, ಮೀಟುಗೋಲು ಕೊಟ್ಟು ಅರ್ಧ ಗಂಟೆ ಹೆಣಗಿದೆ. ಕೊನೆಯ ಸಲ ಬಲ ಹಾಕಿದಾಗ ಯಜಮಾನರು ಕುರ್ಚಿಯಿಂದ ಎಗರಿದರು. ಇಂಜೆಕ್ಷನ್ ಕೊಟ್ಟಿದ್ದರೂ ತುಟಿಗೆ ಮಿಂಚು ಹೊಡೆದಂತಾಯಿತಂತೆ. ಕಪ್ಪು ರಕ್ತ ಉಕ್ಕಿತು. ಗಾಜ್ ಬಟ್ಟೆ ಒತ್ತಿ ಹಿಡಿದ ಮೇಲೆ ನಿಂತಿತು. ಹಲ್ಲು ಪೂರ್ತಿ ಬಂದಿತ್ತು, ಎರಡು ಬೇರೂ ಇಡಿಯಾಗಿ. ಆದರೆ ಹಿಂದಿನ ಬೇರಿನ ಮೇಲೆ ದಾರ ಒತ್ತಿ ತೆಗೆದ ಹಾಗೆ ನುಣುಪಾದ ಒಂದು ಗೀರು ಅಡ್ಡಕ್ಕೆ ಇತ್ತು. ನರ ಹಾದುಹೋಗಿದ್ದ ಜಾಗ ಅದು. ನನಗೆ ಆ ಕ್ಷಣವೇ ತಿಳಿಯಿತು. ಆದರೂ ಹಲ್ಲನ್ನು ತೊಳೆದು ಅವರ ಅಂಗೈ ಮೇಲಿಟ್ಟೆ. "ಭೇಷ್! ಬೇರು ನೋಡ್ರೀ ಹೆಂಗೈತೆ!" ಎಂದರು. ನಾನು ನಕ್ಕೆ. ಆ ನಗು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಬೆಂಗಳೂರಿನಲ್ಲಿದ್ದ ನನ್ನ ಪ್ರೊಫೆಸರರಿಗೆ ಕಾಗದ ಬರೆದೆ. ಕಾದು ನೋಡು, ತಾನಾಗಿ ಸರಿಹೋದರೂ ಹೋಗಬಹುದು, ಮುಂದೆ ಎಕ್ಸ್‌ರೇ ಇಲ್ಲದೆ ಕೈ ಹಾಕಬೇಡ ಎಂದು ಉತ್ತರ ಬಂತು. ಕಾದೆ. ಯಜಮಾನರು ಬಿಸಿ ಕಾಫಿಯಲ್ಲಿ ತುಟಿ ಸುಟ್ಟುಕೊಂಡರು. ಸುಟ್ಟದ್ದೇ ತಿಳಿಯಲಿಲ್ಲವೆಂದು ಅದನ್ನೂ ನನ್ನ ಕೈಗುಣದ ಲೆಕ್ಕಕ್ಕೆ ಸೇರಿಸಿದರು.

ಆ ಹೊಗಳಿಕೆಯನ್ನು ನಂಬಿ ಒಂದು ದಿನ ಅಜ್ಜಂಪುರದ ನನ್ನ ಕೋಣೆಗೆ ಆ ಊರಿನ ಅಕ್ಕಸಾಲಿಗರೊಬ್ಬರು ಬಂದರು. ಊರವರು ಅವರನ್ನು ಆಚಾರ್ರು ಎನ್ನುತ್ತಿದ್ದರು. ನಲವತ್ತರ ಆಸುಪಾಸು, ಬಲಗೆನ್ನೆ ಬುರಬುರ ಊದಿತ್ತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು.

"ಹಿರೇನಲ್ಲೂರು ಯಜಮಾನ್ರಿಗೆ ಕೊಟ್ರಂತಲ್ಲ ತಾಯಿ, ಅದೇ ಇಂಜೆಕ್ಷನ್ ಕೊಟ್ಬಿಡಿ. ನೋವು ಅಂದ್ರೆ ನಂಗೆ ಆಗಲ್ಲ," ಎಂದರು.

ಬುದ್ಧಿಹಲ್ಲು ಮುಂದಿನ ಹಲ್ಲಿಗೆ ಒರಗಿ ಅರ್ಧ ಒಸಡಿನೊಳಗೇ ಉಳಿದಿತ್ತು. ಅದರ ಮೇಲಿನ ಒಸಡಿನ ಕೆಳಗೆ ಕೀವು. ಉಪ್ಪುನೀರಿನಿಂದ ತೊಳೆದು ಪೆನಿಸಿಲಿನ್ ಕೊಟ್ಟೆ. ಊತ ಇಳಿದ ಮೇಲೆ ಎಕ್ಸ್‌ರೇ ಇಲ್ಲದೆ ಮುಟ್ಟುವುದಿಲ್ಲ ಎಂದು ಶಿವಮೊಗ್ಗಕ್ಕೆ ಅಟ್ಟಿದೆ. ಮುಂದಿನ ವಾರ ಕಂದು ಲಕೋಟೆ ಹಿಡಿದು ಬಂದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನರದ ಕಾಲುವೆಯ ಎರಡು ಬಿಳಿಗೆರೆಗಳು ಬೇರಿನ ಹತ್ತಿರ ಬಂದು ಮಾಯವಾಗಿದ್ದವು. ಬೇರಿಗೆ ಅಡ್ಡವಾಗಿ ಕಪ್ಪು ಪಟ್ಟಿಯೊಂದಿತ್ತು. ಯಜಮಾನರ ಹಲ್ಲಿನ ಮೇಲೆ ಕಂಡ ಗೀರನ್ನೇ ಈ ಸಲ ಕೀಳುವ ಮೊದಲು ಕಂಡಿದ್ದೆ.

ಅವರ ಕೆಲಸಕ್ಕೆ ತುಟಿ ಎಷ್ಟು ಬೇಕೆಂದು ನೋಡಲು ಅವತ್ತೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಪುಟ್ಟ ದೀಪ. ಪಕ್ಕದ ಇದ್ದಿಲ ತುಂಡಿನ ಮೇಲೆ ಬೆಳ್ಳಿಯ ಕರಡಿಗೆಯ ಮುಚ್ಚಳ. ಆ ಕಡೆಯ ವೀರಶೈವ ಮನೆಗಳಲ್ಲಿ ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆಗಳಲ್ಲಿ ಬಹಳಷ್ಟು ಅವರ ಕೈಯವು. ಬಾಗಿದ ಹಿತ್ತಾಳೆ ಊದುಗೊಳವೆಯನ್ನು ತುಟಿಯ ಮಧ್ಯೆ ಹಿಡಿದು ದೀಪದ ಜ್ವಾಲೆಯನ್ನು ಅಡ್ಡಕ್ಕೆ ಊದಿದರು. ಜ್ವಾಲೆ ಸೂಜಿಯಷ್ಟು ಸಪೂರವಾಗಿ ಬೆಸುಗೆಯ ಜಾಗಕ್ಕೆ ಹೋಯಿತು. ಉಸಿರು ಮೂಗಿನಿಂದ ಒಳಗೆ, ಕೆನ್ನೆಯಿಂದ ಹೊರಗೆ, ನಡುವೆ ಒಂದು ಕ್ಷಣವೂ ತಡೆಯಿಲ್ಲ. ಕೆಳತುಟಿ ಕೊಳವೆಯನ್ನು ಎಲ್ಲೂ ಗಾಳಿ ಸೋರದಂತೆ ಕಚ್ಚಿಕೊಂಡಿತ್ತು. ಮರಗಟ್ಟಿದ ತುಟಿ ಆಡುತ್ತದೆ, ಆದರೆ ಏನನ್ನು ಹಿಡಿದಿದ್ದೇನೆಂದು ಅದಕ್ಕೆ ಗೊತ್ತಾಗುವುದಿಲ್ಲ. ಜ್ವಾಲೆ ಒಂದು ಕಾಳಿನಷ್ಟು ಆಚೀಚೆ ಆದರೆ ಒಡವೆಯೇ ಕರಗುತ್ತದೆ.

ಆಚಾರ್ರಿಗೆ ನಿಜ ಹೇಳಲೇಬೇಕಿತ್ತು. ಆದರೆ ಅದಕ್ಕಿಂತ ಮೊದಲು ಅದನ್ನು ಕೇಳಬೇಕಾದವರು ಇನ್ನೊಬ್ಬರಿದ್ದರು. ಬಸ್ಸು ಹತ್ತಿ ಹಿರೇನಲ್ಲೂರಿಗೆ ಹೋದೆ. ಯಜಮಾನರು ಎಳನೀರು ಕೆತ್ತಿಸಿ ಕೊಟ್ಟರು. ಕುಡಿಯದೆ ಕೈಯಲ್ಲೇ ಹಿಡಿದು ಹೇಳಿದೆ.

"ಹಂಗಾದ್ರೆ ಇದು ಇಂಜೆಕ್ಷನ್ ಅಲ್ವಾ?"

"ಅಲ್ಲ ಯಜಮಾನ್ರೇ. ನನ್ನ ಕೈಯಿಂದ ನರಕ್ಕೆ ಬಿದ್ದ ಪೆಟ್ಟು. ಎಕ್ಸ್‌ರೇ ಇಲ್ಲದೆ ಕಿತ್ತದ್ದು ನನ್ನ ತಪ್ಪು."

"ಬಿಡೋದೇ ಇಲ್ವಾ?"

"ಸ್ವಲ್ಪ ಬಿಡಬಹುದು. ಪೂರ್ತಿ ಬಿಡುತ್ತೆ ಅಂತ ಹೇಳೋಕಾಗಲ್ಲ."

ಯಜಮಾನರು ತುಟಿಯನ್ನು ಒಮ್ಮೆ ಮುಟ್ಟಿಕೊಂಡರು. "ಅಲ್ಲ ಕಣಮ್ಮ, ಊರ್ಗೆಲ್ಲ ಹೇಳ್ಕೊಂಡ್ ಬಂದ್ಬಿಟ್ಟಿದೀನಲ್ಲ. ಈಗ ಏನಂತ ಹೇಳ್ಲಿ?"

"ಇದ್ದದ್ದು ಹೇಳಿ."

"ಇದ್ದದ್ದು ಹೇಳಿದ್ರೆ ನಗೋದು ನನ್ನ ನೋಡಿ, ನಿಮ್ಮನ್ನಲ್ಲ."

ಆಚಾರ್ರಿಗೆ ಈ ವಿಷಯ ಹೇಳಬಹುದೇ ಎಂದು ಕೇಳಿದೆ. "ಹೇಳಿ, ಹೇಳಿ. ನಂದೇನು, ಕಾಫಿ ಸುಡುತ್ತೆ ಅಷ್ಟೇ. ಅವ್ನ ತುಟಿ ಹೋದ್ರೆ ಅನ್ನ ಹೋಗುತ್ತೆ," ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬಸ್ಸಿನವರೆಗೂ ಬಂದು ಕಳಿಸಿಕೊಟ್ಟರು. ಆಮೇಲೂ ನನ್ನನ್ನು ಹೊಗಳುವುದನ್ನು ನಿಲ್ಲಿಸಲಿಲ್ಲವೆಂದು ಕೇಳಿದೆ. ತುಟಿ ಜಿಗುಟಿ ತೋರಿಸುವುದನ್ನು ಮಾತ್ರ ಬಿಟ್ಟಿದ್ದರಂತೆ.

ಮುಂದಿನ ವಾರ ಅಜ್ಜಂಪುರದಲ್ಲಿ ಆಚಾರ್ರನ್ನೂ ಅವರ ಹೆಂಡತಿಯನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಬೆಂಗಳೂರಿಗೆ ಹೋಗುವುದಾದರೆ ಕಾಗದ ಬರೆದುಕೊಡುತ್ತೇನೆ ಎಂದೆ.

"ಅಲ್ಲಿ ಬೇರು ಕೀಳಲ್ವಾ?" ಎಂದರು ಆಚಾರ್ರು.

"ಕೀಳ್ತಾರೆ. ನನಗಿಂತ ಚೆನ್ನಾಗಿ ಕೀಳ್ತಾರೆ."

"ಬೆಂಗ್ಳೂರಿಗೆ ಹೋದ್ರೂ ನರ ಇದ್ದಲ್ಲೇ ಇರುತ್ತಲ್ವಾ ತಾಯಿ?"

ಹಲ್ಲನ್ನು ಹಾಗೇ ಬಿಟ್ಟರೆ ಏನಾಗುತ್ತದೆಂದು ಕೇಳಿದರು. ಈ ಆರು ತಿಂಗಳಲ್ಲಿ ಮೂರು ಸಲ ಊದಿದೆ, ಇನ್ನೊಮ್ಮೆ ಕೀವು ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ ಎಂದೆ. ಹದಿನೈದು ದಿನ ಟೈಮ್ ಕೊಡಿ ಎಂದು ಕೇಳಿಕೊಂಡು ಬಂದೆ.

ಆ ಹದಿನೈದು ದಿನ ನನ್ನ ಹಳೆಯ ನೋಟ್‌ಬುಕ್ಕುಗಳನ್ನು ಓದಿದೆ. ಬೇರಿನ ತುದಿ ಮುರಿದು ಒಳಗೇ ಉಳಿದವರ ಹೆಸರಿನ ಮುಂದೆ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕಿದ್ದೆ. ನನ್ನ ಸೋಲಿನ ಗುರುತುಗಳು ಅವು, ಯಾರಿಗೂ ತೋರಿಸಿದ್ದಿಲ್ಲ. ಹಲ್ಲು ಮೊದಲೇ ಕೊಳೆತು ಬೇರಿನ ಬುಡದಲ್ಲಿ ಕೀವಾಗಿದ್ದವರು ಮತ್ತೆ ನೋವೆಂದು ಬಂದಿದ್ದರು. ಕೊಳೆಯದ ಹಲ್ಲಿನವರು ಒಬ್ಬರೂ ಬಂದಿರಲಿಲ್ಲ. ತರೀಕೆರೆಯಲ್ಲಿ ಅಂಥ ಇಬ್ಬರನ್ನು ಹುಡುಕಿ ಬಾಯಿ ನೋಡಿದೆ. ಒಸಡು ಮುಚ್ಚಿಕೊಂಡು ಗಟ್ಟಿಯಾಗಿತ್ತು. ಒಬ್ಬರಲ್ಲಿ ತುಂಡು ತಾನಾಗಿ ಮೇಲಕ್ಕೆ ಬಂದು ಬೆರಳಿಗೆ ಸಿಗುತ್ತಿತ್ತು. ಆಚಾರ್ರ ಹಲ್ಲು ಕೊಳೆತಿರಲಿಲ್ಲ, ಕೀವಿದ್ದದ್ದು ಒಸಡಿನಲ್ಲಿ. ಕೈತಪ್ಪಿ ಉಳಿದ ಬೇರು ಸುಮ್ಮನಿರುವುದಾದರೆ, ಬೇಕೆಂದೇ ಉಳಿಸಿದ ಬೇರು ಯಾಕೆ ಸುಮ್ಮನಿರಬಾರದು? ಹಲ್ಲಿನ ಮೇಲಿನ ತಲೆಯನ್ನಷ್ಟೇ ಕತ್ತರಿಸಿ ತೆಗೆದು, ಬೇರನ್ನು ಅಲುಗಿಸದೆ ನರದ ಪಕ್ಕದಲ್ಲೇ ಬಿಟ್ಟುಬಿಡುವುದು. ಪ್ರೊಫೆಸರರಿಗೆ ಬರೆದೆ. ತಾವು ಹಾಗೆ ಮಾಡಿದವರಲ್ಲ, ಮಾಡಿದರೆ ಜವಾಬ್ದಾರಿ ನಿನ್ನದೇ ಎಂದು ಎರಡು ಸಾಲಿನ ಉತ್ತರ ಬಂತು. ಬೇರೆ ಯಾರನ್ನು ಕೇಳುವುದು? ಗೋಡೆಯನ್ನೇ ಕೇಳಬೇಕಿತ್ತು.

ಆಚಾರ್ರ ಹೆಂಡತಿಗೆ ಇದು ಸರಿಬರಲಿಲ್ಲ. "ಅರ್ಧ ಕಿತ್ತು ಅರ್ಧ ಬಿಡೋದಾ? ಬೇರು ಬಿಟ್ರೆ ಗರಿಕೆ ಚಿಗುರ್ದಂಗೆ ಚಿಗುರಲ್ವೇನಮ್ಮಾ?"

"ಹಲ್ಲು ಚಿಗುರಲ್ಲ ಕಣಮ್ಮ. ಸ್ವಲ್ಪ ಮೇಲಕ್ಕೆ ಬರಬಹುದು. ಬಂದ್ರೆ ನರದಿಂದ ದೂರ ಬಂದಂಗೆ, ಆಗ ಭಯವಿಲ್ಲದೆ ತೆಗೀಬಹುದು. ಕೀವಾದ್ರೆ ಮಾತ್ರ ಮತ್ತೆ ಕುಯ್ಯಬೇಕಾಗುತ್ತೆ. ಅದನ್ನೂ ಈಗಲೇ ಹೇಳ್ತಿದೀನಿ."

ಆಚಾರ್ರು, "ನಮ್ಮಲ್ಲೂ ಹಳೇ ಒಡವೆ ರಿಪೇರಿಗೆ ಬಂದ್ರೆ ಎಲ್ಲಾ ಬಿಚ್ಚಕ್ಕೋಗಲ್ಲ. ಮಾಡಿ ತಾಯಿ," ಎಂದರು.

ಹಳೆಯ ಹಲ್ಲುಗಳನ್ನು ಪ್ಲಾಸ್ಟರಿನಲ್ಲಿ ಹೂತು ನಾಲ್ಕು ದಿನ ಕತ್ತರಿಸಿ ಕಲಿತೆ. ಕೆಲಸ ಇಟ್ಟುಕೊಂಡದ್ದು ಕಡೂರಿನಲ್ಲಿ, ಬೆಳಿಗ್ಗೆ. ಕರೆಂಟನ್ನು ನಂಬದೆ, ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿಯುವ ಹಳೆಯ ಡ್ರಿಲ್ಲನ್ನು ಹೊರಗೆ ತೆಗೆದಿದ್ದೆ. ಉಪಕರಣ ಕುದಿಸುತ್ತಿದ್ದ ಆಯಾ, ಕಾಯಿಸಿ ಆರಿಸಿದ ಉಪ್ಪುನೀರನ್ನು ಸಿರಿಂಜಿನಿಂದ ಹನಿಸುತ್ತ ನಿಂತಳು. ಇಂಜೆಕ್ಷನ್ ಹಿಡಿದ ಮೇಲೆ ಒಸಡು ಬಿಡಿಸಿ, ಹಲ್ಲಿನ ಕುತ್ತಿಗೆ ಕಾಣುವಷ್ಟೇ ಮೂಳೆ ತೆಗೆದೆ. ನಾಲಿಗೆಯ ಕಡೆಗೂ ಒಂದು ನರ ಹಾಯುತ್ತದೆ. ಡ್ರಿಲ್ ಅತ್ತ ಜಾರದಂತೆ ಅಗಲವಾದ ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟೆ. ತುಳಿಯುತ್ತ, ಕತ್ತರಿಸುತ್ತ, ನಿಲ್ಲಿಸಿ ನೀರು ಒರೆಸುತ್ತ ಮುಕ್ಕಾಲು ಭಾಗ ಬಂದೆ.

ತಪ್ಪಿದ್ದು ಅಲ್ಲಿ. ಮುಕ್ಕಾಲು ಕತ್ತರಿಸಿದ ಮೇಲೆ ಮೀಟುಗೋಲು ತೂರಿಸಿ ಚಿಟಕ್ಕನೆ ಮುರಿಯುವುದು ನನ್ನ ಕೈಯ ಅಭ್ಯಾಸ. ಯೋಚಿಸುವ ಮೊದಲೇ ಕೈ ಮೀಟುಗೋಲನ್ನು ಎತ್ತಿಕೊಂಡು ತೂರಿಸಿತ್ತು, ತಿರುಗಿಸಲು ಶುರುಮಾಡಿತ್ತು. ಹಲ್ಲು ಇಡಿಯಾಗಿ ಮಿಸುಕಿದಂತೆ ಅನ್ನಿಸಿತು. ಬೇರು ಸಡಿಲಗೊಂಡರೆ ಅದು ಒಳಗೆ ಸಾಯುತ್ತದೆ, ಕೀವಾಗುತ್ತದೆ. ಆಮೇಲೆ ಅದನ್ನು ಕೀಳದೆ ದಾರಿಯಿಲ್ಲ, ಕಿತ್ತರೆ ನರ. ಆಚಾರ್ರು ಕಣ್ಣು ಮುಚ್ಚಿ ಕೂತಿದ್ದರು, ಅವರ ಎರಡು ಕೈಗಳೂ ಕುರ್ಚಿಯನ್ನು ಬಿಗಿಯಾಗಿ ಹಿಡಿದಿದ್ದವು. ನಾನು ಮೀಟುಗೋಲನ್ನು ಹೊರತೆಗೆದು ಆಯಾಳ ಕೈಗೆ ಕೊಟ್ಟು, "ಇದನ್ನ ಒಳಗೆ ಇಟ್ಟು ಬಾ, ನಾನು ಕೇಳಿದ್ರೂ ಕೊಡಬೇಡ," ಎಂದೆ. ಅವಳು ಅದನ್ನು ಒಳಗಿಟ್ಟು ಬಂದಳು.

ಉಳಿದ ಕಾಲು ಭಾಗವನ್ನು ಡ್ರಿಲ್ಲಿನಿಂದಲೇ ಕೂದಲು ಕೂದಲಾಗಿ ಕತ್ತರಿಸಿದೆ. ಒಂದು ಗಂಟೆಯಾಗಿರಬೇಕು. ಹಲ್ಲಿನ ತಲೆ ಬಿಡಿಯಾಗಿ ಬಂತು. ಬೇರಿನ ಕತ್ತರಿಸಿದ ಅಂಚನ್ನು ಮೂಳೆಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಕ್ಕೆ ಸವೆಸಿದೆ. ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕೆ ಜಿನುಗುತ್ತಿತ್ತು, ಬೇರಿಗೆ ಇನ್ನೂ ಜೀವ ಇತ್ತು. ತೆಳು ಸಲಾಕೆಯ ತುದಿಯಿಂದ ಮೆಲ್ಲಗೆ ಒತ್ತಿ ನೋಡಿದೆ. ಅಲುಗಲಿಲ್ಲ. ತೊಳೆದು ಮೂರು ಹೊಲಿಗೆ ಹಾಕಿದೆ.

ಆಚಾರ್ರು ಗಾಜ್ ಬಟ್ಟೆ ಕಚ್ಚಿಕೊಂಡೇ ಅಂಗೈ ಚಾಚಿದರು. ಹಲ್ಲಿನ ತಲೆಯನ್ನು ಇಟ್ಟೆ. ಒಪ್ಪಿಕೊಂಡೇ ಬಂದಿದ್ದರೂ ಅದನ್ನು ತಿರುಗಿಸಿ ಬೇರನ್ನು ಹುಡುಕಿದರು. ಆಮೇಲೆ ಕತ್ತರಿಸಿದ ಮೈಯನ್ನು ಹೆಬ್ಬೆರಳಿನಿಂದ ಸವರಿ, ಕೆಲಸ ಬಲ್ಲವರ ಹಾಗೆ ತಲೆಯಾಡಿಸಿದರು. ಎರಡು ವಾರ ಊದುಗೊಳವೆ ಬಾಯಿಗೆ ಇಡಕೂಡದು, ಊದಿದರೆ ಹೊಲಿಗೆ ಬಿಚ್ಚುತ್ತದೆ ಎಂದು ಹೇಳಿದೆ. ತುಟಿಯ ಜೋಮು ಬಿಡುವ ಮೊದಲೇ ಮಧ್ಯಾಹ್ನದ ರೈಲಿಗೆ ಹೊರಟರು.

ಜೋಮು ಬಿಟ್ಟಿತೋ ಇಲ್ಲವೋ ಎರಡು ಸಾಲು ಬರೆದು ಹಾಕಿ ಎಂದಿದ್ದೆ. ಕಾರ್ಡು ಬರಲಿಲ್ಲ. ಬೇರೆ ಸುದ್ದಿ ಬಂತು. ಡಾಕ್ಟ್ರಮ್ಮನ ಕೈ ಸೋತಿದೆ, ಈಗ ಅರ್ಧ ಹಲ್ಲು ಕಿತ್ತು ಕಳಿಸುತ್ತಾರೆ ಎಂದು. ಮುಂದಿನ ವಾರ ಅಜ್ಜಂಪುರದ ನನ್ನ ಕೋಣೆಯ ಬೆಂಚು ಖಾಲಿ ಹೊಡೆಯುತ್ತಿತ್ತು. ತಪ್ಪು ಮಾಡಿದಾಗ ಜನ ಮುಗಿಬಿದ್ದಿದ್ದರು. ಈಗ ಒಂದು ನರಪಿಳ್ಳೆಯೂ ಇಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಬಾಗಿಲು ಹಾಕಿಕೊಂಡು ಆಚಾರ್ರ ಮನೆಗೆ ಹೋದೆ.

ಕೆನ್ನೆ ಇನ್ನೂ ಊದಿತ್ತು. ಹೊಲಿಗೆ ಬಿಚ್ಚಿ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕೆಳತುಟಿ ಮುಟ್ಟಿ, "ಗೊತ್ತಾಗುತ್ತಾ?" ಎಂದೆ.

"ಹೂಂ ತಾಯಿ."

ಎಡಕ್ಕೆ ಮುಟ್ಟಿದೆ, "ಹೂಂ." ಬಲಕ್ಕೆ, "ಹೂಂ." ಏಕೋ ಅನುಮಾನ ಬಂದು, ಮುಟ್ಟದೆಯೇ ಸುಮ್ಮನೆ ಕೇಳಿದೆ.

"ಹೂಂ. ಚೆನ್ನಾಗಿ ಗೊತ್ತಾಗುತ್ತೆ."

"ಆಚಾರ್ರೇ, ನಾನು ಮುಟ್ಟಲೇ ಇಲ್ಲ."

ಕಣ್ಣು ತೆರೆದು ನಾಚಿಕೊಂಡರು. "ಅಲ್ಲ ತಾಯಿ, ಕಡೂರಿಂದ ನಂಗೋಸ್ಕರ ಬಂದಿದೀರಿ. ಇಲ್ಲ ಅನ್ನಕ್ಕೆ ಬಾಯೇ ಬರ್ಲಿಲ್ಲ."

"ನಿಜವಾಗಿ ಹೇಗಿದೆ?"

"ಜುಂ ಅಂತೈತೆ. ಇದ್ದಂಗೂ ಐತೆ, ಇಲ್ದಂಗೂ ಐತೆ."

ಮರ್ಯಾದೆಗೆ ಹೂಂ ಎನ್ನುವವರ ಎದುರು ಹತ್ತಿ, ಸೂಜಿ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಇನ್ನೊಂದು ವಾರ ಕಾಯಬೇಕಿತ್ತು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ವಾರ ಇನ್ನೊಂದಿಲ್ಲ. ಅಡಿಗೆ ಮಾಡುವಾಗ, ಬಟ್ಟೆ ಒಗೆಯುವಾಗ, ನನ್ನದೇ ತುಟಿಯನ್ನು ಮುಟ್ಟಿಕೊಂಡು ನೋಡುತ್ತಿದ್ದೆ. ಆ ಮನೆಯ ದೀಪ ಹತ್ತದೇ ಹೋದರೆ ಯಾವ ಮುಖ ಹೊತ್ತು ಆ ಊರಿಗೆ ಹೋಗಲಿ ಎಂದು ಹೆದರಿಕೆಯಾಗುತ್ತಿತ್ತು. ಹೇಳಿಕೊಳ್ಳಲು ಒಬ್ಬರಾದರೂ ಇದ್ದಿದ್ದರೆ ಎಂದು ಅಷ್ಟು ಬಲವಾಗಿ ಮುಂಚೆಂದೂ ಅನ್ನಿಸಿರಲಿಲ್ಲ.

ಎರಡನೆಯ ವಾರ ಹೋದಾಗ ಊತ ಇಳಿದಿತ್ತು. ಆಚಾರ್ರು ದೀಪದ ಎದುರು ಕೂತಿದ್ದರು, ದೀಪ ಹಚ್ಚಿರಲಿಲ್ಲ. "ನೀವು ಬರ್ಲಿ ಅಂತ ಕೊಳವೆ ಮುಟ್ಟೇ ಇಲ್ಲ ಕಣಮ್ಮ, ಹೆದ್ರಿಕೆ ಇವ್ರಿಗೆ," ಎಂದರು ಹೆಂಡತಿ. ಆಚಾರ್ರು ದೀಪ ಹಚ್ಚಿದರು. ಇದ್ದಿಲ ಮೇಲೆ ಬೆಳ್ಳಿಯ ಸಣ್ಣ ಉಂಗುರ, ಬಿರುಕಿನ ಬಾಯಿಗೆ ಲೋಹ ಹಿಡಿಸುವ ಬಿಳಿಗಾರ ಸವರಿ ಬೆಸುಗೆಯ ಚೂರು ಇಟ್ಟರು. ಆಚಾರ್ರು ಕೊಳವೆಯನ್ನು ತುಟಿಗೆ ಇಟ್ಟರು. ನಾನು ತುಟಿಯನ್ನು ನೋಡಲಾರದೆ ಜ್ವಾಲೆಯನ್ನು ನೋಡಿದೆ.

ಮೊದಲು ಅದು ಹೊಯ್ದಾಡಿತು. ಗಾಳಿ ಸೋರುವುದು ತುಟಿಗೇ ತಿಳಿದ ಹಾಗೆ ಆಚಾರ್ರು ಕೊಳವೆಯನ್ನು ತುಸು ಸರಿಸಿಕೊಂಡರು. ಜ್ವಾಲೆ ಬಾಗಿತು, ಸಪೂರವಾಯಿತು, ನೆಟ್ಟಗೆ ಹೋಗಿ ಬಿರುಕಿನ ಮೇಲೆ ನಿಂತಿತು. ಅಲುಗದೆ ಹಾಗೇ ನಿಂತಿತು. ಬಿಳಿಗಾರ ಉಬ್ಬಿ ಗಾಜಿನಂತಾಯಿತು, ಬೆಸುಗೆ ಹೊಳೆದು ಬಿರುಕಿನುದ್ದಕ್ಕೂ ಹರಿಯಿತು. ಬಾಯಲ್ಲಿ ಕೊಳವೆ ಇಟ್ಟುಕೊಂಡು ಯಾರೂ ನನ್ನ ಮರ್ಯಾದೆ ಕಾಯಲಾರರು. ಕಣ್ಣಲ್ಲಿ ನೀರು ಬಂತು. ಆಚಾರ್ರು ತುಟಿ ಒರೆಸಿಕೊಂಡು ಪಕ್ಕದಲ್ಲಿದ್ದ ಇನ್ನೊಂದು ಉಂಗುರವನ್ನು ಎತ್ತಿಕೊಂಡರು. ಎರಡು ವಾರದ ಕೆಲಸ ಬಾಕಿ ಬಿದ್ದಿತ್ತು, ನನ್ನ ಜೊತೆ ಮಾತಿಗೆ ಅವರಿಗೆ ಪುರುಸೊತ್ತಿರಲಿಲ್ಲ.

ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಎದುರು ಸೀಟಿಗೆ ಗಂಟುಮೂಟೆಯ ಸಮೇತ ಒಬ್ಬ ಹೆಂಗಸು ಬಂದು ಕೂತರು. ಗುರುತಿಲ್ಲದವರು. ತಡೆಯಲಾಗದೆ ಅವರಿಗೇ ಹೇಳಿಬಿಟ್ಟೆ. "ಇವತ್ತು ಒಬ್ಬರ ತುಟಿ ಉಳೀತು ಕಣ್ರೀ."

"ಅಯ್ಯೋ ಪಾಪ, ಏನಾಗಿತ್ತು ತುಟಿಗೆ?"

"ಏನೂ ಆಗ್ಲಿಲ್ಲ," ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿ, "ಹಂಗಾದ್ರೆ ಸರಿ ಬಿಡಿ," ಎಂದು ಮೂಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು.